ಸೇವಂತಿಯಕ್ಕನ ವಿಳಾಸ

ಮಾರ್ಚ್ 4, ಮಂಗಳವಾರ

ಕಾಲೇಜು ಬಿಟ್ಟ ಮೇಲೆ ಡೈರಿ ಬರೆದವಳಲ್ಲ. ಇವತ್ತು ಶುರು ಮಾಡಿದ್ದಕ್ಕೆ ಕಾರಣ ಇಷ್ಟೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆವರೆಗೆ ಐದು ಹೆಂಗಸರ ಹೆಸರಲ್ಲಿ ಬರೆದು ಮನೆಗೆ ಬಂದೆ. ಅಮ್ಮ ಏನೋ ಕೇಳಿದಳು. ಉತ್ತರ ಕೊಡುವಾಗ ಯಾವಳ ಬಾಯಲ್ಲಿ ಮಾತಾಡ್ತಿದೀನಿ ಅಂತ ಒಂದು ಕ್ಷಣ ನನಗೇ ಗೊತ್ತಾಗಲಿಲ್ಲ. ದಿನಕ್ಕೊಂದು ಪುಟವಾದರೂ ಇಂದ್ರಾಣಿ ಬರೆಯಲಿ ಅನ್ನಿಸಿತು.

ನಮ್ಮ ಆ್ಯಪ್ ಹೆಸರು ‘ಪಡಸಾಲೆ’. ಹೆಂಗಸರಿಗೆ ಮಾತ್ರ, ಕನ್ನಡದಲ್ಲಿ ಮಾತ್ರ. ನಿಜವಾದ ಹೆಸರು ಹಾಕುವಂತಿಲ್ಲ, ಎಲ್ಲರಿಗೂ ಒಂದೊಂದು ಹೂವಿನ ಹೆಸರು. ಗಂಡ, ಅತ್ತೆ, ಮುಟ್ಟು, ಮಕ್ಕಳು, ಮನೆಯಲ್ಲಿ ಬಾಯಿಬಿಡಲಾಗದ್ದೆಲ್ಲ ಅಲ್ಲಿ ಬರೆಯಬಹುದು. ಸೇರಿದವರು ನಲವತ್ತು ಸಾವಿರ. ಬರೆಯುವವರು ಮುನ್ನೂರು ಚಿಲ್ಲರೆ. ಮಿಕ್ಕವರು ಬರ್ತಾರೆ, ಓದ್ತಾರೆ, ಹೋಗ್ತಾರೆ. ಬಿಟಿಎಂ ಲೇಔಟಿನಲ್ಲಿ ಬೇಕರಿ ಮೇಲಿರುವ ನಮ್ಮ ಆಫೀಸಿನಲ್ಲಿ ಅವರನ್ನ ‘ಬಾಗಿಲ ಹಿಂದಿನವರು’ ಅಂತೀವಿ.

ಅವರನ್ನ ಹೊರಗೆ ಕರೆಯೋದು ನನ್ನ ಕೆಲಸ. ಅದಕ್ಕೇ ನನ್ನ ಐದು ಜನ. ಯಾರೂ ನಿಜವಲ್ಲ. ಅವರಲ್ಲಿ ಸೇವಂತಿಗೆ ಓದುಗರು ಜಾಸ್ತಿ. ನಲವತ್ತೆರಡು ವರ್ಷ, ಎರಡು ಸಲ ದಿನ ತುಂಬಿದ ಮೇಲೆ ಹೊಟ್ಟೆಯಲ್ಲೇ ಮಗು ಹೋಗಿದೆ, ಅತ್ತೆ ಬಂಜೆ ಅಂತಾಳೆ. ಸೇವಂತಿಗೆ ಯಾರ ಹೆದರಿಕೆಯೂ ಇಲ್ಲ. ನನಗಿಂತ ಚೆನ್ನಾಗಿ ಮಾತಾಡ್ತಾಳೆ.

“ಇದು ಮೋಸ ಅಲ್ವಾ ಸಾರ್?” ಅಂತ ಮೊದಲ ದಿನವೇ ಪ್ರಮೋದ್ ಸಾರ್‌ನ ಕೇಳಿದ್ದೆ. ಕಂಪನಿ ಅವರದೇ.

“ಮದುವೆಮನೇಲಿ ಹಾಡು ಹೇಳಿ ಅಂದ್ರೆ ಎಲ್ಲರೂ ನಾಚ್ಕೋತಾರೆ. ಯಾರಾದ್ರೂ ಒಬ್ರು ಶುರು ಮಾಡಿದ್ರೆ ಆಮೇಲೆ ನಿಲ್ಸೋದೇ ಕಷ್ಟ. ನೀನು ಶುರು ಮಾಡೋಳು, ಅಷ್ಟೆ.”

ಒಪ್ಪಿಕೊಂಡೆ. ಕನ್ನಡ ಬಿಎ ಮಾಡಿದವಳಿಗೆ ಬರೆಯುವ ಕೆಲಸ ಸಿಕ್ಕಿದ್ದೇ ಹೆಚ್ಚು.

ಮಾರ್ಚ್ 19, ಬುಧವಾರ

ಸೇವಂತಿಯ ಓದುಗರ ಪಟ್ಟಿ ನೋಡುತ್ತಿದ್ದೆ. ‘ತುಂಬೆ’ ಅಂತ ಒಬ್ಬಳಿದ್ದಾಳೆ. ಏಳು ತಿಂಗಳಿಂದ ದಿನಾ ಮಧ್ಯಾಹ್ನ ಒಂದೂ ನಲವತ್ತಕ್ಕೆ ಬಂದು ಇಪ್ಪತ್ತು ನಿಮಿಷ ಇದ್ದು ಹೋಗ್ತಾಳೆ. ಸೇವಂತಿ ಬರೆದದ್ದನ್ನೆಲ್ಲ ಓದಿದ್ದಾಳೆ, ಕೆಲವನ್ನು ನಾಲ್ಕೈದು ಸಲ. ಒಂದು ಲೈಕ್ ಇಲ್ಲ, ಒಂದಕ್ಷರ ಇಲ್ಲ.

ಇವರೆಲ್ಲ ಯಾಕೆ ಸುಮ್ಮನಿರ್ತಾರೆ ಅಂತ ಊಟದ ಹೊತ್ತಲ್ಲಿ ಮಾತು ಬಂತು. ಪಕ್ಕದ ಸೀಟಿನ ಅರ್ಪಿತ, “ಕೆಲವ್ರಿಗೆ ಟೈಪ್ ಮಾಡೋಕೆ ಬರಲ್ಲ, ಕೆಲವ್ರಿಗೆ ಸೋಂಬೇರಿತನ, ಇನ್ನು ಕೆಲವ್ರು ಬೇರೆಯವ್ರ ಮನೆ ಜಗಳ ನೋಡೋಕೆ ಬರ್ತಾರೆ ಕಣೇ” ಅಂದಳು.

ಮನೆಯಲ್ಲಿ ಅಮ್ಮನಿಗೂ ಹೇಳಿದೆ. ಅಮ್ಮ ಜಯನಗರದ ಅಂಗಡಿಗಳಿಂದ ಸೀರೆ ತಂದು ಫಾಲ್ಸ್ ಹೊಲಿಯುತ್ತಾಳೆ. ಬಾಯಲ್ಲಿದ್ದ ದಾರ ತೆಗೆದು, “ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಾಗ ನೋಡು. ನಾಲ್ಕು ಜನ ಜಗಳ ಆಡ್ತಾರೆ. ಮಿಕ್ಕೋರು ಬಿಂದಿಗೆ ಇಟ್ಕೊಂಡು ಸುಮ್ನೆ ನಿಂತಿರ್ತಾರೆ. ಅವ್ರಿಗೆ ಹೇಳೋಕೇನೂ ಇಲ್ಲ ಅಂತಲ್ಲ ಇಂದ್ರ. ಮಾತಾಡಿದ್ ಮೇಲೆ ಅದೇ ಮನೆಗೆ ವಾಪಸ್ ಹೋಗ್ಬೇಕಲ್ಲ” ಅಂದಳು. ಸಖತ್ತಾಗಿದೆ ಅಂತ ಫೋನಲ್ಲಿ ಬರೆದಿಟ್ಟುಕೊಂಡೆ. ಸೇವಂತಿಗೆ ಆಗುತ್ತೆ.

ಸೇವಂತಿಗೆ ಅಮ್ಮನದೇ ಇನ್ನೊಂದು ಕೊಟ್ಟೆ. ನನಗಿಂತ ಮೊದಲು ಹುಟ್ಟಿ ಮೂರೇ ದಿನಕ್ಕೆ ಹೋದ ಮಗುವಿನದು. ಮಗು ಹೋದರೂ ಎದೆಹಾಲು ನಿಲ್ಲದೆ, ಅಮ್ಮ ಎದೆಗೆ ಟವೆಲ್ ಬಿಗಿದುಕೊಂಡು ಸೀರೆ ಹೊಲಿಯುತ್ತಿದ್ದಳಂತೆ. ನನಗೆ ಒಂದೇ ಒಂದು ಸಲ ಹೇಳಿದ್ದಳು. ಅದನ್ನು ಬರೆದಾಗ ಆಫೀಸಿನಲ್ಲಿ ಎಲ್ಲರೂ ಓದಿದರು. ಪ್ರಮೋದ್ ಸಾರ್ ಎದ್ದು ಬಂದು ಕೈ ಕುಲುಕಿದರು.

ಏಪ್ರಿಲ್ 15, ಮಂಗಳವಾರ

ತುಂಬೆ ಮಾತಾಡಿದಳು!

ನಿನ್ನೆ ಅಂಬೇಡ್ಕರ್ ಜಯಂತಿ, ರಜೆ. ಅಮ್ಮ ಬಿಳಿ ಸೀರೆ ಉಟ್ಟು ನನ್ನನ್ನೂ ಮೆರವಣಿಗೆಗೆ ಎಳೆದುಕೊಂಡು ಹೋಗಿದ್ದಳು. ತಮಟೆ ಸದ್ದಿನ ನಡುವೆ ಫೋನ್ ನಡುಗಿತು. ಸೇವಂತಿಗೆ ಖಾಸಗಿ ಮೆಸೇಜು, ಎಂಟು ತಿಂಗಳ ಮೇಲೆ ಮೊದಲ ಮಾತು:

“ಅಕ್ಕ, ಊಟ ಆಯ್ತಾ?”

ಅಷ್ಟೆ. ನಾನು ರಸ್ತೆಯಲ್ಲೇ ನಿಂತುಬಿಟ್ಟೆ. “ಆಯ್ತು ಕಣಮ್ಮ, ನಿಂದು?” ಅಂತ ಸೇವಂತಿ ಬರೆದಳು. ಆಮೇಲೆ ಪಾಯಸದ ಸಾಲಿನಲ್ಲಿ ನಿಂತು, ನೆರಳಲ್ಲಿ ಕೂತು, ಸಂಜೆವರೆಗೂ ಮಾತು. ಹಾಲಿನ ವಿಷಯ ಓದಿ ತುಂಬೆ ಮೂರು ದಿನ ಅತ್ತಳಂತೆ. ಅವಳಿಗೆ ಮೂವತ್ತೊಂದು, ಮದುವೆಯಾಗಿ ಆರು ವರ್ಷ. ಮಕ್ಕಳಿಲ್ಲ. ವಸಂತಪುರದಲ್ಲಿ ಗಂಡನ ಮನೆಯವರ ಹಾರ್ಡ್‌ವೇರ್ ಅಂಗಡಿ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಫೋನ್ ತೆಗೀತಾಳಂತೆ.

“ಅಕ್ಕ, ನಿಮ್ಮನ್ನ ಓದಿದ್ರೆ ಪಕ್ಕದಲ್ಲಿ ಯಾರೋ ಕೂತಂಗಾಗುತ್ತೆ.”

ಅಮ್ಮ ಬಂದು, “ಯಾರ ಹತ್ರ ಇಷ್ಟು ನಗ್ತಾ ಇದೀಯ, ಹುಡುಗನಾ?” ಅಂದಳು. ಅಲ್ಲಮ್ಮ, ಆಫೀಸು ಅಂದೆ.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಬೆಳಿಗ್ಗೆ ವಿಹಾರದಲ್ಲಿ ಪಂಚಶೀಲ ಹೇಳುವಾಗ, ಸುಳ್ಳಾಡುವುದಿಲ್ಲ ಅನ್ನುವ ನಾಲ್ಕನೆಯದರ ಹೊತ್ತಿಗೆ ನನಗೆ ಕೆಮ್ಮು ಬಂತು. ನಿಜವಾದ ಕೆಮ್ಮೇ. ಅಮ್ಮ ನೀರು ಕೊಟ್ಟಳು.

ಒಂದೂ ನಲವತ್ತಕ್ಕೆ ತುಂಬೆ ಬಂದಳು. ಇವತ್ತು ಎಲ್ಲ ಹೇಳಿದಳು. ತೊಂದರೆ ಅವಳದ್ದಲ್ಲ, ಗಂಡನದು. ಮೂರು ವರ್ಷದ ಹಿಂದೆಯೇ ರಿಪೋರ್ಟ್ ಬಂದಿದೆ. ಡಾಕ್ಟರ ರೂಮಿನಿಂದ ಹೊರಗೆ ಬಂದು ಗಂಡ ಮೆಟ್ಟಿಲ ಮೇಲೆ ಕೂತು ಅವಳ ಕೈ ಹಿಡಿದು ಅತ್ತನಂತೆ, ಯಾರಿಗೂ ಹೇಳ್ಬೇಡ ಅಂತ. ರಿಪೋರ್ಟು ಅವಳ ರೇಷ್ಮೆ ಸೀರೆಯ ಮಡಿಕೆಯಲ್ಲಿದೆ. ಅತ್ತೆ ಸೋಮವಾರದ ಉಪವಾಸ ಮಾಡಿಸ್ತಾರೆ, ಯಾವ ಯಾವುದೋ ಬೆಟ್ಟ ಬರಿಗಾಲಲ್ಲಿ ಹತ್ತಿಸಿದ್ದಾರೆ, ಸೀಮಂತದ ಮನೆಗಳಿಗೆ ಬರಬೇಡ ಅಂತಾರೆ. ಗಂಡ ಎಲ್ಲ ನೋಡಿಕೊಂಡು ಸುಮ್ಮನಿದ್ದಾನೆ.

“ಇದನ್ನ ಪಡಸಾಲೇಲಿ ಬರಿ ತುಂಬೆ. ನಿನ್ನಂಥೋರು ಸಾವಿರ ಜನ ಇದಾರೆ” ಅಂದಳು ಸೇವಂತಿ.

ಅವಳು ಬರೆದದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ: “ಬೇಡ ಅಕ್ಕ. ಅಲ್ಲಿ ಮಾತಾಡೋರು ಯಾರು ಅಂತ ಎಲ್ಲರಿಗೂ ಕಾಣುತ್ತೆ. ಸುಮ್ನೆ ಓದೋರು ಯಾರ್ಯಾರು ಅಂತ ಗೊತ್ತಾಗಲ್ವಲ್ಲ. ನನಗೆ ಅವರನ್ನ ಕಂಡ್ರೇ ಭಯ. ನಾನೂ ಹಾಗೇ ಇದ್ನಲ್ಲ, ಅದಕ್ಕೇ ಗೊತ್ತು.”

ಸಂಜೆ ಪ್ರಮೋದ್ ಸಾರ್‌ಗೆ ಫೋನಲ್ಲಿ ಹೇಳಿದೆ. ಹೇಳಬಾರದಿತ್ತೇನೋ. ಅವರು, “ಇದು ಬೇಕು ಇಂದ್ರಾಣಿ. ಮೂವತ್ತನೇ ತಾರೀಕು ಇನ್ವೆಸ್ಟರ್ಸ್ ಬರ್ತಿದಾರೆ. ಅಷ್ಟರೊಳಗೆ ಅವಳೇ ಬರೀಬೇಕು” ಅಂದರು.

ಮೇ 23, ಶುಕ್ರವಾರ

ಬರೆದಳು.

ಹತ್ತು ದಿನ ಹಿಡಿಯಿತು. ಸೇವಂತಿ ಬಲವಂತ ಮಾಡಲಿಲ್ಲ. “ನಾನು ಬರೀಲಿಲ್ವಾ? ನನಗೇನಾಯ್ತು ಹೇಳು” ಅಂತ ಕೇಳಿದಳು, ಅಷ್ಟೆ. ತುಂಬೆ ಎರಡು ದಿನ ಯೋಚಿಸಿ, “ಹೌದಕ್ಕ, ನಿಮಗೇನೂ ಆಗ್ಲಿಲ್ಲ” ಅಂದಳು.

ಸಣ್ಣ ಪೋಸ್ಟು. ಅಂಗಡಿ, ಬರಿಗಾಲು, ರೇಷ್ಮೆ ಸೀರೆಯೊಳಗಿನ ರಿಪೋರ್ಟು ಎಲ್ಲ ಅದರಲ್ಲಿದೆ. ಊರಿನ ಹೆಸರು ತೆಗಿ ಅಂತ ನಾನೇ ಹೇಳಿದ್ದೆ, ತೆಗೆದಿದ್ದಾಳೆ. ಸಂಜೆಯೊಳಗೆ ಎಂಟುನೂರು ಜನ ಉತ್ತರ ಬರೆದಿದ್ದಾರೆ, ಅರ್ಧಕ್ಕರ್ಧ ಇದುವರೆಗೆ ಬಾಯಿಬಿಡದವರು. “ನಮ್ಮನೇಲೂ ಇದೇ” ಅಂತ ಒಬ್ಬಳು, “ನಿನ್ನ ಕಾಲಿಗೆ ಬೀಳ್ತೀನಿ ತಂಗಿ” ಅಂತ ಇನ್ನೊಬ್ಬಳು. ಕೆಳಗಿನ ಬೇಕರಿಯಿಂದ ಕೇಕ್ ತರಿಸಿದರು. ನನ್ನ ಕೈಯಲ್ಲೇ ಕಟ್ ಮಾಡಿಸಿದರು.

ಅಮ್ಮನಿಗೂ ಒಂದು ತುಂಡು ತಂದೆ. “ಯಾರ ಹುಟ್ಟುಹಬ್ಬ?” ಅಂದಳು. ಗೊತ್ತಿಲ್ಲ ಅಂದೆ. ವಿವರಿಸಲು ಬೇಜಾರು.

ಮೇ 27, ಮಂಗಳವಾರ

ನಿನ್ನೆ ಬೆಳಿಗ್ಗೆ ತುಂಬೆಯ ಪೋಸ್ಟನ್ನು ‘ಈ ವಾರದ ಮಾತು’ ಅಂತ ನಲವತ್ತು ಸಾವಿರ ಫೋನಿಗೂ ಕಳಿಸಿದ್ದಾರೆ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನಾ, ಗೊತ್ತಿಲ್ಲ.

ಇವತ್ತು ಹನ್ನೊಂದು ಗಂಟೆಗೇ ತುಂಬೆಯ ಮೆಸೇಜು. ಆ ಹೊತ್ತಿಗೆ ಅವಳು ಬರುವವಳಲ್ಲ.

“ಅಕ್ಕ, ನಮ್ಮ ನಾದಿನಿ ಎರಡು ವರ್ಷದಿಂದ ಪಡಸಾಲೇಲಿ ಇದ್ದಾರಂತೆ. ಒಂದು ಮಾತೂ ಬರ್ದಿಲ್ಲ, ಬರೀ ಓದ್ತಾರಂತೆ. ಓದಿದ ತಕ್ಷಣ ಗೊತ್ತಾಯ್ತಂತೆ. ಬಂದು ಸೀರೆ ಎಲ್ಲ ಕೊಡವಿದ್ರು. ರಿಪೋರ್ಟ್ ಸಿಕ್ತು. ಇವರು ರೂಮಿನ ಬಾಗಿಲು ಹಾಕ್ಕೊಂಡು ಕೂತಿದಾರೆ. ಅಕ್ಕ, ಅದನ್ನ ತೆಗೆಸೋಕಾಗುತ್ತಾ? ನಾನು ತೆಗೆದ್ರೆ ಹೋಗ್ತಿಲ್ಲ.”

ವಾರದ ಮಾತಾದ ಮೇಲೆ ಬರೆದವರಿಗೆ ಅದನ್ನು ತೆಗೆಯಲು ಬರುವುದಿಲ್ಲ. ಪ್ರಮೋದ್ ಸಾರ್ ಮಾತ್ರ ತೆಗೆಯಬಹುದು. ಹೋಗಿ ನಿಂತೆ.

“ಶುಕ್ರವಾರದವರೆಗೆ ಇರ್ಲಿ. ಅವರ ಮುಂದೆ ತೋರ್ಸೋಕೆ ನಮ್ಮತ್ರ ಇರೋದೇ ಇದೊಂದು.”

“ಸಾರ್, ಅವಳಿಗೆ ಏನಾದ್ರೂ ಆದ್ರೆ?”

“ಏನಾಗುತ್ತೆ? ಎರಡು ದಿನ ಮನೇಲಿ ಮಾತು ಬರುತ್ತೆ. ಸತ್ಯ ಹೊರಗೆ ಬಂತಲ್ಲ, ಒಳ್ಳೇದೇ. ನೀನು ತಲೆ ಕೆಡಿಸ್ಕೋಬೇಡ.”

“ಕೇಳಿದೀನಿ, ತೆಗೀತಾರೆ” ಅಂತ ಸೇವಂತಿ ಬರೆದಳು.

ಮೇ 29, ಗುರುವಾರ

“ಅಕ್ಕ, ನಿಮ್ಮನೇಗೆ ಬರಲಾ? ಎರಡೇ ದಿನ. ನಮ್ಮಣ್ಣ ಫೋನ್ ಎತ್ತುತ್ತಿಲ್ಲ. ಬೇರೆ ಯಾರೂ ಇಲ್ಲ. ಮೂಲೇಲಿ ಇರ್ತೀನಿ. ಅಡ್ರೆಸ್ ಕಳ್ಸಿ.”

ಹತ್ತು ಸಲ ಓದಿದೆ. ಸೇವಂತಿಯ ಮನೆಯಲ್ಲಿ ಏನೇನಿದೆ ಅಂತೆಲ್ಲ ಬರೆದಿದ್ದೇನೆ, ಅಡುಗೆಮನೆ ಕಿಟಕಿಯಿಂದ ಕಾಣುವ ನುಗ್ಗೆಮರದವರೆಗೆ. ಮನೆ ಎಲ್ಲಿದೆ ಅಂತ ಬರೆದಿಲ್ಲ.

ಪ್ರಮೋದ್ ಸಾರ್‌ಗೆ ತೋರಿಸಿದೆ. ಮುಖ ಸ್ವಲ್ಪ ಬಿಳಿಚಿಕೊಂಡಿತು. “ಸಹಾಯವಾಣಿ ನಂಬರ್ ಕೊಟ್ಟು ಸೇವಂತಿ ಅಕೌಂಟ್ ಕ್ಲೋಸ್ ಮಾಡು. ನೀನು ಮಧ್ಯ ಹೋಗ್ಬೇಡ. ನಾಳೆ ಪೊಲೀಸು ಗಿಲೀಸು ಅಂತ ಬಂದ್ರೆ ಬರ್ದಿರೋದು ನೀನೇ ಅಲ್ವಾ?”

ನಂಬರ್ ಕಳಿಸಿದೆ. “ಅಕ್ಕ, ಇದು ಯಾರ ನಂಬರ್? ನಿಮ್ಮದಾ?” ಅಂದಳು.

ತಡೆಯಲಾಗಲಿಲ್ಲ. ನಾಳೆ ಹನ್ನೊಂದು ಗಂಟೆಗೆ ಬನಶಂಕರಿ ಬಸ್‌ಸ್ಟ್ಯಾಂಡಿಗೆ ಬಾ ಅಂತ ಬರೆದೆ. ಹೋಗಿ ಎಲ್ಲ ಹೇಳಿ ನಮ್ಮನೆಗೆ ಕರೆದುಕೊಂಡು ಬರುತ್ತೇನೆ. ಒಂದೇ ರೂಮು, ಆದರೂ ಅಮ್ಮ ಬೇಡ ಅನ್ನುವವಳಲ್ಲ. ಅಮ್ಮನಿಗೆ ನಾಳೆಯೇ ಹೇಳಿದರಾಯಿತು.

ಮೇ 30, ಶುಕ್ರವಾರ

ಆಫೀಸಿಗೆ ಹುಷಾರಿಲ್ಲ ಅಂತ ಹೇಳಿ ಹತ್ತೂಮುಕ್ಕಾಲಿಗೆ ಹೋದೆ. ಅವಳು ಆಗಲೇ ಬಂದಿದ್ದಳು. ನೋಡಿದ ಕೂಡಲೇ ಗೊತ್ತಾಯಿತು. ಹಸಿರು ಸೀರೆ, ಹಣೆಯಲ್ಲಿ ವಿಭೂತಿ, ಜಿಪ್ ಕೆಟ್ಟು ದುಪ್ಪಟ್ಟಾದಲ್ಲಿ ಕಟ್ಟಿದ ಬ್ಯಾಗು. ಎಡಗೆನ್ನೆ ಊದಿತ್ತು, ಪೌಡರ್ ಹಾಕಿಕೊಂಡಿದ್ದಳು.

ನಾನು ಕಂಬದ ಪಕ್ಕ ನಿಂತೆ. ಐದು ನಿಮಿಷ ಬಿಟ್ಟು ಹೋಗೋಣ ಅಂತ. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ‘ನಾನು ಸೇವಂತಿ’ ಅಂದರೆ ಸುಳ್ಳು. ‘ನಾನು ಸೇವಂತಿ ಅಲ್ಲ’ ಅಂದರೆ ಮುಂದೆ ಏನು?

ಅವಳು ನಲವತ್ತು ದಾಟಿದ ಹೆಂಗಸರ ಮುಖವನ್ನೇ ಹುಡುಕುತ್ತಿದ್ದಳು. ಯಾರಾದರೂ ಒಬ್ಬರೇ ಬಂದರೆ ಒಂದು ಹೆಜ್ಜೆ ಮುಂದೆ ಬರುತ್ತಿದ್ದಳು. ಒಬ್ಬರು ಆಂಟಿ ಹತ್ತಿರ ಹೋಗಿ ಏನೋ ಕೇಳಿದಳು. ಅವರು ತಲೆ ಅಡ್ಡಡ್ಡ ಆಡಿಸಿ ಹೋದರು. ಅವಳ ಕಣ್ಣು ನನ್ನ ಮೇಲೂ ಎರಡು ಸಲ ಬಂತು. ನಿಲ್ಲದೆ ಮುಂದೆ ಹೋಯಿತು.

ಫೋನ್ ನಡುಗುತ್ತಲೇ ಇತ್ತು. “ಅಕ್ಕ, ಬಂದ್ರಾ?” “ಅಕ್ಕ, ಹಸಿರು ಸೀರೆ.” “ಬಸ್ ಸಿಗ್ಲಿಲ್ವಾ ಅಕ್ಕ? ಪರ್ವಾಗಿಲ್ಲ, ಕಾಯ್ತೀನಿ.” “ಅಕ್ಕ, ನಿಮ್ಮನೇಲಿ ಬಿಡ್ಲಿಲ್ವಾ?”

ಒಂದೂ ನಲವತ್ತಾಯಿತು. ಎರಡಾಯಿತು. ಇಪ್ಪತ್ತು ಹೆಜ್ಜೆ ಇತ್ತು ಅಷ್ಟೆ. ಹೋಗಲಿಲ್ಲ. ಎರಡೂ ಹತ್ತಕ್ಕೆ ಅವಳು ಬ್ಯಾಗು ಎತ್ತಿಕೊಂಡು, ವಸಂತಪುರದ ಕಡೆಗೇ ವಾಪಸ್ ಹೋಗುವ ಉತ್ತರಹಳ್ಳಿ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ಆಮೇಲೂ ಜನರನ್ನೇ ನೋಡುತ್ತಿದ್ದಳು.

ಮನೆಗೆ ಬಂದಾಗ ಪ್ರಮೋದ್ ಸಾರ್ ಮೆಸೇಜು ಇತ್ತು. ಮೀಟಿಂಗ್ ಚೆನ್ನಾಗಿ ಆಯಿತಂತೆ. ಪೋಸ್ಟ್ ತೆಗೆದಿದ್ದಾರಂತೆ.

ಜೂನ್ 2, ಸೋಮವಾರ

ಆಫೀಸಿಗೆ ಹೋದೆ. ಸೇವಂತಿ ಅಕೌಂಟ್ ಮುಚ್ಚಿದೆ.

ಜೂನ್ 9, ಸೋಮವಾರ

ತುಂಬೆಯ ಹೆಸರಿನ ಮುಂದೆ ‘ಈ ಸದಸ್ಯರು ಹೊರನಡೆದಿದ್ದಾರೆ’ ಅಂತ ಬಂದಿದೆ.

ಜೂನ್ 24, ಮಂಗಳವಾರ

ನನ್ನ ಕೈಕೆಳಗೆ ಮೂವರು ಹುಡುಗಿಯರನ್ನು ಹಾಕಿದ್ದಾರೆ. ಹೇಗೆ ಬರೆಯಬೇಕು ಅಂತ ಕಲಿಸಬೇಕು. ಕಲಿಸಿದೆ. ಚುರುಕಾಗಿದ್ದಾರೆ. ಮಧ್ಯಾಹ್ನ ಊಟಕ್ಕೆ ಅವರ ಜೊತೆ ಕೂರುವುದಿಲ್ಲ.

ಅಮ್ಮ ಇವತ್ತು ಸೂಜಿ ಕೆಳಗಿಟ್ಟು, “ಏನಾಗಿದೆ ನಿಂಗೆ? ಮನೇಲಿ ಒಬ್ಳೇ ಇದ್ದಂಗಾಗುತ್ತೆ ನಂಗೆ” ಅಂದಳು. ಏನಿಲ್ಲಮ್ಮ, ಕೆಲಸ ಅಂದೆ. ಯಾಕೆ ಹಾಗಂದಳೋ. ನಾನು ಯಾವಾಗಲೂ ಹೀಗೇ ಅಲ್ಲವಾ?

ಜುಲೈ 15, ಮಂಗಳವಾರ

ರಜೆ ಹಾಕಿ ವಸಂತಪುರಕ್ಕೆ ಹೋದೆ. ತುಂಬೆ ಒಂದು ಸಲ ಅಂಗಡಿಯ ಗುರುತು ಹೇಳಿದ್ದಳು, ನೀರಿನ ಟ್ಯಾಂಕ್ ಎದುರಿಗೆ. ಮೂರು ಸಲ ಮುಂದೆ ಓಡಾಡಿ ನಾಲ್ಕನೆಯ ಸಲ ಒಳಗೆ ಹೋದೆ.

ಗಲ್ಲಾದಲ್ಲಿ ವಯಸ್ಸಾದ ಹೆಂಗಸು, ಅತ್ತೆ ಇರಬೇಕು. ಒಳಗಿನ ಕಪಾಟುಗಳ ಹತ್ತಿರ ಅವಳು. ತೆಳ್ಳಗಾಗಿದ್ದಳು. ಕೆನ್ನೆ ಸರಿಯಾಗಿತ್ತು.

“ಏನ್ ಬೇಕು ಮೇಡಂ?”

“ನಲ್ಲಿಗೆ ವಾಷರ್” ಅಂದೆ. ಬಾಯಿಗೆ ಅದೇ ಬಂತು.

“ಸಂಗೀತಾ, ಕೆಳಗಿನ ಡಬ್ಬಿ ನೋಡು” ಅಂದರು ಅತ್ತೆ. ಹೆಸರು ಗೊತ್ತಾಗಿದ್ದು ಆಗಲೇ.

ಅವಳು ಬಗ್ಗಿ ಡಬ್ಬಿ ಎಳೆದಳು. ನಾನೂ ಬಗ್ಗಿ, “ನಾನು ಪಡಸಾಲೆಯಿಂದ ಬಂದಿದೀನಿ” ಅಂದೆ.

ಅವಳ ಕೈ ಡಬ್ಬಿಯಲ್ಲೇ ನಿಂತಿತು. ಮೊದಲು ಹೆದರಿಕೆ. ಆಮೇಲೆ ಮುಖ ಬದಲಾಯಿತು. ವಾಷರ್ ಕೆದಕುತ್ತಾ ಪಿಸುಗುಟ್ಟಿದಳು: “ಸೇವಂತಿಯಕ್ಕ ಕಳ್ಸಿದ್ರಾ? ಹೇಗಿದಾರೆ? ಆವತ್ತು ಬರ್ತೀನಿ ಅಂದೋರು ಬರ್ಲಿಲ್ಲ. ನನ್ನಿಂದಾಗಿ ಅವರಿಗೇನಾದ್ರೂ ತೊಂದ್ರೆ ಆಯ್ತಾ ಅಂತ ದಿನಾ ಅದೇ ಯೋಚ್ನೆ.”

“ನೀವು ಹೇಗಿದೀರ?”

“ಇದೀನಿ. ಫೋನ್ ಇಲ್ಲ. ಮನೇಲಿ ಒಬ್ಳೇ ಬಿಡಲ್ಲ, ಅದಕ್ಕೇ ಅಂಗಡಿಗೆ ಕರ್ಕೊಂಬರ್ತಾರೆ. ಹಿರಿಯರನ್ನ ಕೂರ್ಸಿ, ರಿಪೋರ್ಟು ಸುಳ್ಳು, ತೊಂದ್ರೆ ನಂದೇ ಅಂತ ನನ್ನ ಬಾಯಲ್ಲೇ ಹೇಳ್ಸಿದ್ರು. ಇವರಿಗೆ ಇನ್ನೊಂದು ಹುಡುಗಿ ನೋಡ್ತಿದಾರೆ.”

“ನಿಮ್ಮ ಯಜಮಾನ್ರು?”

“ಇವರಾ? ಏನೂ ಹೇಳಲ್ಲ.” ಹಾಗಂದು ನನ್ನ ಮುಖ ನೋಡಿದಳು. “ಅಕ್ಕನ ವಿಷಯ ಹೇಳಿ.”

ಹೇಳಬೇಕು ಅಂತಲೇ ಬಂದಿದ್ದೆ. ಹೇಳಿದೆ.

“ಸೇವಂತಿ ಅನ್ನೋರು ಇಲ್ಲ.”

ಅವಳು ಡಬ್ಬಿ ಬಿಟ್ಟು ನನ್ನ ಕಡೆ ತಿರುಗಿದಳು. “ಯಾವಾಗ?” ಅಂದಳು.

ನನಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. “ಇಲ್ಲ ಅಂದ್ರೆ ಹಾಗಲ್ಲ…” ಅಂತ ಶುರು ಮಾಡಿದೆ.

“ಏನೇ ಅದು ಇಷ್ಟೊತ್ತು?” ಗಲ್ಲಾದಿಂದ ಕೂಗು.

“ಅರ್ಧ ಇಂಚಿಂದು ಸಿಗ್ತಿಲ್ಲ ಅತ್ತೆ” ಅಂದಳು. ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಮತ್ತೆ ನನ್ನ ಕಡೆ ಬಗ್ಗಿ, “ಆವತ್ತೇನಾ? ಬರೋಕೆ ಹೊರಟಾಗ್ಲೇನಾ?” ಅಂದಳು. “ನಾನು ಬಸ್ಸಲ್ಲಿ ಕೂತು ಅವರನ್ನ ಏನೇನೋ ಬೈದುಬಿಟ್ಟೆ. ಕೈ ಬಿಟ್ರು ಅಂದ್ಕೊಂಡೆ. ಅವರು ಬಿಡಲಿಲ್ಲ ಅಲ್ವಾ? ಹೊರಟಿದ್ರು ಅಲ್ವಾ?”

ಅಳುತ್ತಲೇ ಇದ್ದಳು. ಆದರೆ ಆ ಮುಖದಲ್ಲಿ ಏನೋ ಸಡಿಲವಾಗಿತ್ತು. ಅದನ್ನು ನೋಡಿಕೊಂಡು ನಾನು ಹೂಂ ಅಂದೆ. ಬಿಡಲಿಲ್ಲ, ಹೊರಟಿದ್ದರು ಅಂದೆ.

ಅವಳು ಕಣ್ಣೊರೆಸಿಕೊಂಡು ನಾಲ್ಕು ವಾಷರ್ ಆರಿಸಿ ಕಾಗದದಲ್ಲಿ ಕಟ್ಟಿದಳು. “ಅವರ ನಿಜವಾದ ಹೆಸರೇನು? ಸೋಮವಾರ ದೀಪ ಹಚ್ತೀನಿ. ಹೂವಿನ ಹೆಸರು ಹೇಳಿ ಹಚ್ಚೋಕಾಗಲ್ಲ.”

ನನಗೆ ಬೇರೆ ಯಾವ ಹೆಸರೂ ಹೊಳೆಯಲಿಲ್ಲ.

“ಇಂದ್ರಾಣಿ.”

ಅವಳು ಕಿವಿಯ ಹಿಂದಿದ್ದ ಪೆನ್ನು ತೆಗೆದು, ಹರಿದ ಬಿಲ್ಲಿನ ಚೀಟಿಯ ಮೇಲೆ ಒಂದೊಂದೇ ಅಕ್ಷರ ಬರೆದಳು. ಬರೆದದ್ದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಸರಿಯಾಗಿದೆಯಾ ನೋಡಿ ಅಂದಳು.

ಸರಿಯಾಗಿದೆ ಅಂದೆ.